ಬಾಫ್ಟಾ ಕೈತಪ್ಪಿದ ರಾತ್ರಿ, ನೂರು ಗಂಟೆಗಳ ಹಳೆಯ ರೀಲು

2019ರ ಫೆಬ್ರುವರಿ 10ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾದ ಪ್ರದಾನ ಸಮಾರಂಭ ನಡೆದಾಗ, ದಕ್ಷಿಣ ಲಂಡನ್ನಿನ ನಮ್ಮ ಮನೆಯಲ್ಲಿ ನಾನು ಕಾದಿದ್ದದ್ದು ಸಾಕ್ಷ್ಯಚಿತ್ರ ವಿಭಾಗದ ಫಲಿತಾಂಶವೊಂದಕ್ಕೆ ಮಾತ್ರ. ಮೊದಲ ಮಹಾಯುದ್ಧದ ಮೂಲ ದೃಶ್ಯಗಳಿಂದಲೇ ಪೀಟರ್ ಜಾಕ್ಸನ್ ಕಟ್ಟಿದ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಅಂತಿಮ ಸುತ್ತಿನಲ್ಲಿತ್ತು. ಪ್ರಶಸ್ತಿ ಸಂದದ್ದು ಹಗ್ಗವಿಲ್ಲದೆ ಬಂಡೆ ಏರುವವನ ಕುರಿತ ‘ಫ್ರೀ ಸೋಲೊ’ಗೆ. ಅದು ಒಳ್ಳೆಯ ಚಿತ್ರವೇ. ಆದರೂ ಆ ರಾತ್ರಿ ನನಗೆ ಸ್ವಲ್ಪ ಪಿಚ್ಚೆನಿಸಿತು.

ಜಾಕ್ಸನ್ ಅವರಿಗೆ ಈ ಕೆಲಸ ಒಪ್ಪಿಸಿದವರಲ್ಲಿ ಲ್ಯಾಂಬೆತ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂ ಒಂದು. ಎದುರಿಗೇ ಎರಡು ಬೃಹತ್ ನೌಕಾ ತೋಪುಗಳನ್ನು ನಿಲ್ಲಿಸಿಕೊಂಡಿರುವ ಆ ಕಟ್ಟಡ ಹಿಂದೆ ‘ಬೆಡ್ಲಂ’ ಎಂದು ಹೆಸರಾದ ಮಾನಸಿಕ ಆಸ್ಪತ್ರೆಯಾಗಿತ್ತು. ಯುದ್ಧದ ನೆನಪುಗಳನ್ನು ಇಡಲು ಅದಕ್ಕಿಂತ ತಕ್ಕ ಮನೆ ಸಿಗುತ್ತಿರಲಿಲ್ಲವೆಂದು ಅಲ್ಲಿಗೆ ಹೋದಾಗಲೆಲ್ಲ ಅನ್ನಿಸುತ್ತದೆ. ಮ್ಯೂಸಿಯಂ ಸುಮಾರು 100 ಗಂಟೆಗಳ ದೃಶ್ಯಸಾಮಗ್ರಿಯನ್ನು ಕೊಟ್ಟಿತು. 1960, 70ರ ದಶಕಗಳಲ್ಲಿ ಧ್ವನಿಮುದ್ರಿಸಿಟ್ಟಿದ್ದ ಮಾಜಿ ಸೈನಿಕರ ನೂರಾರು ಗಂಟೆಗಳ ಮಾತು ಅದರ ಜೊತೆಗೆ ಬಂತು. ಚಿತ್ರದಲ್ಲಿ ನಿರೂಪಕರಾಗಲಿ ಇತಿಹಾಸಕಾರರಾಗಲಿ ಇಲ್ಲ, ಆ ಮುದುಕರ ಧ್ವನಿಗಳೇ ಕಥೆಯನ್ನು ನಡೆಸುತ್ತವೆ.

ಅಂದಿನ ಛಾಯಾಗ್ರಾಹಕ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕಿತ್ತು. ತಿರುಗಿಸುವ ವೇಗ ಆಳಿನಿಂದ ಆಳಿಗೆ ಬೇರೆಯಾಗುತ್ತಿದ್ದುದರಿಂದ ಒಂದು ರೀಲಿನಲ್ಲಿ ಸೆಕೆಂಡಿಗೆ 13 ಚಿತ್ರಗಳಿದ್ದರೆ ಇನ್ನೊಂದರಲ್ಲಿ 16 ಅಥವಾ 18 ಇರುತ್ತಿದ್ದವು. ಅದನ್ನೇ ಇಂದಿನ 24ರ ವೇಗದಲ್ಲಿ ಓಡಿಸಿದಾಗ ಸೈನಿಕರು ಬೊಂಬೆಗಳಂತೆ ಕುಪ್ಪಳಿಸುತ್ತಾರೆ. ಮಹಾಯುದ್ಧವೆಂದರೆ ನಮ್ಮ ಕಣ್ಣಿಗೆ ಕಟ್ಟುವ ಆ ಹಾಸ್ಯಾಸ್ಪದ ನಡಿಗೆ ಬಂದದ್ದು ಇಲ್ಲಿಂದಲೇ. ಜಾಕ್ಸನ್ ತಂಡ ಪ್ರತಿ ತುಣುಕಿನ ಮೂಲ ವೇಗವನ್ನು ಅಂದಾಜಿಸಿ, ನಡುವಿನ ಚಿತ್ರಗಳನ್ನು ಕಂಪ್ಯೂಟರಿನಿಂದ ತುಂಬಿ, ಗೀರು ಕಲೆಗಳನ್ನು ಅಳಿಸಿ, ಆಮೇಲಷ್ಟೇ ಬಣ್ಣ ಹಚ್ಚಿತು. ತುಟಿಯ ಚಲನೆ ನೋಡಿ ಮಾತು ಗುರುತಿಸುವ ಪರಿಣತರನ್ನು ಕರೆಸಿ ಸೈನಿಕರು ಆಡಿದ ಮಾತುಗಳನ್ನು ಓದಿಸಿ, ರೆಜಿಮೆಂಟು ಯಾವ ಸೀಮೆಯದೆಂದು ನೋಡಿ, ಅದೇ ಸೀಮೆಯ ಇಂಗ್ಲಿಷ್ ಆಡುವವರಿಂದ ಧ್ವನಿ ಕೊಡಿಸಿತು. ಬಣ್ಣ ಹಚ್ಚುವುದು ದಾಖಲೆಗೆ ಮಾಡುವ ಅಪಚಾರವೆಂದು ಇಲ್ಲಿ ಕೆಲವರು ಆಕ್ಷೇಪಿಸಿದರು. ಬಣ್ಣದ ಬಗ್ಗೆ ನನಗೂ ಅನುಮಾನವಿದೆ, ವೇಗದ ತಿದ್ದುಪಡಿಯ ಬಗ್ಗೆ ಇಲ್ಲ.

ಕಾರಣ, ಚಿತ್ರದಲ್ಲಿ ಬರುವ ಒಂದು ತಗ್ಗಿನ ಹಾದಿಯ ದೃಶ್ಯ. 1916ರ ಜುಲೈ 1ರ ಬೆಳಗ್ಗೆ ಫ್ರಾನ್ಸಿನ ಸೊಮ್ ಕದನ ಆರಂಭವಾಗುವ ಮುನ್ನ ಲ್ಯಾಂಕಾಷೈರ್ ಫ್ಯೂಸಿಲಿಯರ್ಸ್ ದಳದವರು ದಿಬ್ಬಕ್ಕೆ ಒರಗಿ ಅಪ್ಪಣೆಗಾಗಿ ಕಾಯುತ್ತಿದ್ದಾರೆ. ಅವರಲ್ಲೊಬ್ಬ ಕ್ಯಾಮೆರಾವನ್ನೇ ನೆಟ್ಟ ನೋಟದಿಂದ ನೋಡುತ್ತಾನೆ. ಸರಿಯಾದ ವೇಗಕ್ಕೆ ಬಂದ ಮೇಲೆ ಅವನು ರೆಪ್ಪೆ ಬಡಿಯುವುದು ಮನುಷ್ಯನು ರೆಪ್ಪೆ ಬಡಿಯುವಂತೆಯೇ ಕಾಣುತ್ತದೆ, ಅವನಿಗಿರುವ ಭಯ ತಿಳಿಯುತ್ತದೆ. ಆ ಒಂದು ದಿನ ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240 ಮಂದಿ. ಆ ಹಾದಿಯಲ್ಲಿ ನಿಂತು ಹಿಡಿಕೆ ತಿರುಗಿಸಿದವನು ಜೆಫ್ರಿ ಮ್ಯಾಲಿನ್ಸ್. ಆತನೂ ಜಾನ್ ಮೆಕ್‌ಡೊವೆಲ್ ಕೂಡ ಸೆರೆಹಿಡಿದ ದೃಶ್ಯಗಳಿಂದ ಅದೇ ಆಗಸ್ಟಿನಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಚಿತ್ರವನ್ನು ಯುನೆಸ್ಕೊ 2005ರಲ್ಲಿ ಜಗತ್ತಿನ ಅಮೂಲ್ಯ ದಾಖಲೆಗಳ ‘ಮೆಮೊರಿ ಆಫ್ ದಿ ವರ್ಲ್ಡ್’ ಪಟ್ಟಿಗೆ ಸೇರಿಸಿತು. ಹಾಗಾಗಿ ಬಾಫ್ಟಾ ಪ್ರತಿಮೆ ಕೈತಪ್ಪಿದರೂ ಜಾಕ್ಸನ್ ಚಿತ್ರದ ಮೂಲದ್ರವ್ಯಕ್ಕೆ ಮೊದಲೇ ಮನ್ನಣೆ ಸಂದಿತ್ತು. ಅಲ್ಲದೆ ಜಾಕ್ಸನ್ ತಂಡ ತನಗೆ ಬೇಕಾದ ಒಂದೂವರೆ ಗಂಟೆಯನ್ನಷ್ಟೇ ತಿದ್ದಿಕೊಳ್ಳದೆ, ಪೂರ್ತಿ 100 ಗಂಟೆಗಳನ್ನೂ ಶುಚಿಗೊಳಿಸಿ ಮ್ಯೂಸಿಯಂಗೆ ಮರಳಿಸಿತು. ಪ್ರಶಸ್ತಿ ಪತ್ರದಲ್ಲಿ ಇಂಥ ಕೆಲಸಕ್ಕೆ ಅಂಕಣವೇ ಇರುವುದಿಲ್ಲ. ಸಂಗ್ರಹದ ದೃಶ್ಯಗಳನ್ನು ಹುಡುಕುವ, ಉಳಿಸುವ ಜನರನ್ನೇ ಗೌರವಿಸುವ ಫೋಕಲ್ ಇಂಟರ್‌ನ್ಯಾಷನಲ್ ಪ್ರಶಸ್ತಿಗಳು ಇದೇ ಲಂಡನ್ನಿನಲ್ಲಿವೆ. ಅವುಗಳ ಸುದ್ದಿ ಆ ವೃತ್ತಿಯವರನ್ನು ದಾಟಿ ಹೊರಗೆ ಬರುವುದು ಅಪರೂಪ.

ನನ್ನ ತಕರಾರು ಬೇರೊಂದಿದೆ. ಚಿತ್ರವು ಫ್ರಾನ್ಸ್, ಬೆಲ್ಜಿಯಂಗಳ ಪಶ್ಚಿಮ ರಣರಂಗದ ಬ್ರಿಟಿಷ್ ಕಾಲಾಳುಗಳಿಗೆ ತನ್ನನ್ನು ಸೀಮಿತಗೊಳಿಸಿಕೊಂಡಿದೆ. ಅದು ನಿರ್ದೇಶಕರ ಆಯ್ಕೆ, ಒಪ್ಪುತ್ತೇನೆ. ಆದರೆ 1915ರ ಮಾರ್ಚಿನಲ್ಲಿ ನವ್ ಶಪೆಲ್‌ನಲ್ಲಿ ಭಾರತೀಯ ಪಡೆ ಅದೇ ರಣರಂಗದಲ್ಲೇ ಹೋರಾಡಿತ್ತು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್‌ಗಳು ದೂರದ ಪ್ಯಾಲೆಸ್ಟೀನಿನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ನಗರವನ್ನು ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಚಿಕ್ಕಂದಿನಲ್ಲಿ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತಿದ್ದರೂ ಅದೇನೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಹೈಫಾ ಬೀದಿಯಲ್ಲಿ ಭಾರತೀಯ ಸವಾರರು ಸಾಲಾಗಿ ಸಾಗುವ ಸ್ಥಿರಚಿತ್ರವೊಂದಿದೆ. ಪೇಟ ಸುತ್ತಿದ ತಲೆಗಳ ಮೇಲೆ ಭರ್ಜಿಗಳು ನೆಟ್ಟಗೆ ನಿಂತಿವೆ. ಅವರಂಥ ಸವಾರರು ಮಾತಾಡುತ್ತಿರುವ ರೀಲೊಂದು ಯಾವುದಾದರೂ ಡಬ್ಬಿಯಲ್ಲಿ ಸಿಕ್ಕಿತೆಂದುಕೊಳ್ಳೋಣ. ಆಗ ಆ ತುಟಿಗಳಲ್ಲಿರುವುದು ಕನ್ನಡವೋ, ದಖ್ಖನಿಯೋ, ಮರಾಠಿಯೋ ಎಂದು ಓದಿ ಹೇಳಬಲ್ಲವರನ್ನು ಮ್ಯೂಸಿಯಂನವರು ಎಲ್ಲಿಂದ ಕರೆಸುತ್ತಾರೆ?