ಬೀಟಲ್ ಗೇರ್ ನಾಬ್‌ಗೆ ಹಿತ್ತಾಳೆ ಬುಷ್

ಬೆಂಗಳೂರಿನ ಶೆಡ್‌ಗೆ ಬಂದ ಈ ಫೋಕ್ಸ್‌ವ್ಯಾಗನ್ ಬೀಟಲ್ 1969ರದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಚೆನ್ನಾಗಿವೆ. ದೂರು ಗೇರ್ ಲಿವರ್ ತುದಿಯ ಹಿಡಿ, ಅಂದರೆ ಗೇರ್ ನಾಬ್‌ದು ಮಾತ್ರ: ಸೆಕೆಂಡ್ ಗೇರ್‌ಗೆ ಎಳೆದರೆ ನಾಬ್ ಕೈಗೇ ಬರುತ್ತದೆ, ತಿರುಗಿಸಿದರೆ ಬಿಗಿಯಾಗದೆ ಸುಮ್ಮನೆ ಸುತ್ತುತ್ತದೆ. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಥ್ರೆಡ್ (ತಿರುಪಿನ ಗೀರು) ಪೂರ್ತಿ ಸವೆದು ನುಣ್ಣಗಾಗಿತ್ತು. ಬಾಯಿಯ ಹತ್ತಿರ ಹಳೆಯ ಟೆಫ್ಲಾನ್ ಟೇಪಿನ ಚೂರುಗಳು ಪ್ಲಾಸ್ಟಿಕ್ ಪುಡಿಯ ಜೊತೆ ಕಪ್ಪಗೆ ಮೆತ್ತಿಕೊಂಡಿದ್ದವು.

ಸವೆದ ಥ್ರೆಡ್‌ಗೆ ಟೇಪ್ ಸುತ್ತಿ ಓಡಿಸುವುದು ಬೇಡ ಎನ್ನುವುದಕ್ಕೆ ಬೀಟಲ್‌ನಲ್ಲಿ ವಿಶೇಷ ಕಾರಣವಿದೆ. ಇದರ ರಿವರ್ಸ್ ಹಾಕಬೇಕಾದರೆ ಲಿವರನ್ನು ಕೆಳಕ್ಕೆ ಒತ್ತಿ, ಎಡಕ್ಕೆ ಸರಿಸಿ, ಹಿಂದಕ್ಕೆ ಎಳೆಯಬೇಕು. ಅಂಗೈಯ ಭಾರವೆಲ್ಲ ನಾಬ್ ಮೇಲೆ. ಥ್ರೆಡ್ ಹಿಡಿತವಿಲ್ಲದಿದ್ದರೆ ರಾಡಿನ ತುದಿ ನಾಬ್‌ನ ನೆತ್ತಿಗೆ ಒಳಗಿನಿಂದ ಗುದ್ದುತ್ತದೆ. ಹಳೆಯ ಪ್ಲಾಸ್ಟಿಕ್ ಹೀಗೇ ಬಿರುಕು ಬಿಡುವುದು. ಗೇರ್ ನಕ್ಷೆ ಕೆತ್ತಿದ ಈ ನಾಬ್‌ನ ಮೇಲ್ಭಾಗ ಪುಣ್ಯಕ್ಕೆ ಇನ್ನೂ ಗಟ್ಟಿಯಾಗಿತ್ತು. ಹೊಸ ನಕಲು ನಾಬ್ ತರಿಸಬಹುದು ನಿಜ, ಆದರೆ ಐವತ್ತು ವರ್ಷದ ಕೈಸವೆತ ಇರುವ ಮೂಲ ವಸ್ತುವನ್ನು ಉಳಿಸಲು ಸಾಧ್ಯವಿದ್ದರೆ ಉಳಿಸಲೇಬೇಕು.

ಮೊದಲು ರಾಡಿನ ಅಳತೆ. 1968ರಿಂದ ಈಚಿನ ಬೀಟಲ್‌ಗಳ ಗೇರ್ ರಾಡ್ 12 ಮಿ.ಮೀ., ಪಿಚ್ (ಒಂದು ಗೀರಿನಿಂದ ಮುಂದಿನದಕ್ಕೆ ಇರುವ ಅಂತರ) 1.5, ಅದಕ್ಕೂ ಹಿಂದಿನ ಕೆಲವು ವರ್ಷದವು 10 ಮಿ.ಮೀ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 12ರ ನಟ್ ಹಾಕಿ ನೋಡಿ ಮೋಸಹೋಗಬಾರದು, ಅದರ ಪಿಚ್ 1.75. ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಥ್ರೆಡ್ ಕೆಟ್ಟಿರಬೇಕು ಎಂದುಕೊಂಡು ಸ್ಪಾನರ್ ಹಾಕಿದರೆ ಒಳ್ಳೆಯ ರಾಡೂ ಹಾಳು. ತಪ್ಪು ಪಿಚ್‌ನ ನಾಬನ್ನು ಬಲವಂತದಿಂದ ಏರಿಸಿದಾಗ ಆಗುವುದೂ ಇದೇ, ಅಲ್ಲಿ ಸೋಲುವುದು ಪ್ಲಾಸ್ಟಿಕ್. ಪಿಚ್ ಗೇಜ್ ಇಲ್ಲದಿದ್ದರೆ ಹೋಂಡಾ ಸಿಟಿಯ ವೀಲ್ ನಟ್ ಒಂದನ್ನು ತೆಗೆದುಕೊಳ್ಳಿ: ಅದು 12 × 1.5. ಅದು ಬೆರಳಿನಲ್ಲೇ ಸಲೀಸಾಗಿ ಕೊನೆಯವರೆಗೆ ಇಳಿದರೆ ಅನುಮಾನ ಬೇಡ. ಇಲ್ಲಿ ಇಳಿಯಿತು. ರಾಡಿನ ಥ್ರೆಡ್‌ಗೆ ವೈರ್ ಬ್ರಷ್ ಮತ್ತು ಒಂದು ಸಲ ಡೈ (ಹೊರ ಥ್ರೆಡ್ ಕೊರೆಯುವ ಉಪಕರಣ) ಸಾಕಾಯಿತು.

ನಾಬ್ ಒಳಗೆ ಹೊಸ ಥ್ರೆಡ್ ಮಾಡಲು ದಾರಿಗಳು ಹಲವು. ರಾಡಿಗೆ ವ್ಯಾಕ್ಸ್ ಹಚ್ಚಿ, ತೂತಿಗೆ ಎಂ-ಸೀಲ್ ತುಂಬಿ, ಒತ್ತಿ ಅಚ್ಚು ತೆಗೆಯುವುದು ಸುಲಭ. ಡ್ರಿಲ್ ಮಾಡಲು ಜಾಗವೇ ಇಲ್ಲದ ಸಣ್ಣ ನಾಬ್‌ಗೆ ಅದೇ ಗತಿ. ಆದರೆ ಬೀಟಲ್‌ನ ಒತ್ತಡಕ್ಕೆ ಆ ಥ್ರೆಡ್ ಬಹಳ ಕಾಲ ನಿಲ್ಲದು. ಹೆಲಿಕಾಯಿಲ್ (ಥ್ರೆಡ್ ಆಗಿ ಕೂರಿಸುವ ತಂತಿ ಸ್ಪ್ರಿಂಗ್) ಲೋಹಕ್ಕೆ ಉತ್ತಮ, ಪ್ಲಾಸ್ಟಿಕ್‌ಗೆ ಅಲ್ಲ: ಮುಂದೆ ನಾಬ್ ಬಿಚ್ಚುವಾಗ ಸ್ಪ್ರಿಂಗ್ ರಾಡಿನ ಜೊತೆಗೇ ಸುತ್ತಿಕೊಂಡು ಹೊರಗೆ ಬರುತ್ತದೆ. ತೂತಿನೊಳಗೆ ಕೂರುವ ಕೊಳವೆ, ಅಂದರೆ ಲೇತ್‌ನಲ್ಲಿ ಮಾಡಿದ ಹಿತ್ತಾಳೆ ಬುಷ್ಷೇ ಸರಿಯಾದ ಉತ್ತರ.

ಎಸ್.ಜೆ.ಪಿ. ರಸ್ತೆಯಿಂದ ತಂದ ಹಿತ್ತಾಳೆ ರಾಡನ್ನು 16 ಮಿ.ಮೀ. ದಪ್ಪಕ್ಕೆ ಇಳಿಸಿ, 22 ಮಿ.ಮೀ. ಉದ್ದಕ್ಕೆ ಕತ್ತರಿಸಿದ್ದಾಯಿತು. ಒಳಗೆ 10.5 ಡ್ರಿಲ್, ಆಮೇಲೆ 12 × 1.5 ಟ್ಯಾಪ್ (ಒಳ ಥ್ರೆಡ್ ಕೊರೆಯುವ ಉಪಕರಣ), ಈ ತುದಿಯಿಂದ ಆ ತುದಿಯವರೆಗೆ. ಮೇಲ್ತುದಿಯಿಂದ ಅದೇ ಥ್ರೆಡ್‌ನ ಬೋಲ್ಟಿನ 5 ಮಿ.ಮೀ. ತುಂಡನ್ನು ಅಂಟು ಹಾಕಿ ಕೂರಿಸಿ ಬಾಯಿ ಮುಚ್ಚಬೇಕು. ಈ ಮುಚ್ಚಳಕ್ಕೆ ಎರಡು ಕೆಲಸ: ರಿವರ್ಸ್‌ಗೆ ಒತ್ತುವಾಗ ರಾಡಿನ ತುದಿ ಪ್ಲಾಸ್ಟಿಕ್ ಬದಲು ಇದಕ್ಕೆ ತಾಗುತ್ತದೆ, ಅಂಟೂ ಒಳಗೆ ಇಳಿಯುವುದಿಲ್ಲ. ಬುಷ್‌ನ ಹೊರಮೈಯಲ್ಲಿ ಅರ್ಧ ಮಿ.ಮೀ. ಆಳದ ಸುತ್ತುಗೀರುಗಳು ನಾಲ್ಕೈದು, ಮೇಲಿಂದ ಕೆಳಗೆ ಉದ್ದಗೀರು ಒಂದು. ಸುತ್ತುಗೀರು ಅಂಟು ಕಚ್ಚಿಕೊಳ್ಳಲು, ಉದ್ದಗೀರು ಗಾಳಿ ಹೊರಹೋಗಲು. ಉದ್ದಗೀರನ್ನು ಬಿಟ್ಟರೆ ಒಳಗೆ ಸಿಕ್ಕಿಕೊಂಡ ಗಾಳಿ ನಾಬನ್ನು ನಿಧಾನವಾಗಿ ಮೇಲೆ ತಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಎರಡು ಮಿ.ಮೀ. ಎದ್ದು ಗಟ್ಟಿಯಾಗಿರುತ್ತದೆ.

ನಾಬ್ ತೂತನ್ನು ದೊಡ್ಡದು ಮಾಡುವುದು ಅತ್ಯಂತ ಅಪಾಯದ ಹಂತ. ವೈಸ್‌ಗೆ (ಬಿಗಿದು ಹಿಡಿಯುವ ಸಾಧನಕ್ಕೆ) ನೇರವಾಗಿ ಕೊಟ್ಟರೆ ಗುರುತು ಬೀಳುತ್ತದೆ, ಸೀಳಲೂಬಹುದು. ನಾಬ್‌ನ ಆಕಾರಕ್ಕೆ ಕೊರೆದ ಎರಡು ಮರದ ತುಂಡುಗಳ ನಡುವೆ ರಬ್ಬರ್ ಇಟ್ಟು ಹಿಡಿಯಬೇಕು. ಹೊಸದಾಗಿ ಸಾಣೆ ಹಿಡಿದ ಬಿಟ್ ಇಲ್ಲಿ ಶತ್ರು: ತೂತಿನ ಅಂಚನ್ನು ಕಚ್ಚಿ ಸ್ಕ್ರೂ ಥರ ಒಳಗೆ ನುಗ್ಗುತ್ತದೆ. ಬಿಟ್‌ನ ಅಲಗನ್ನು ಸಾಣೆಕಲ್ಲಿನಿಂದ ಸ್ವಲ್ಪ ಚಪ್ಪಟೆ ಮಾಡಿಕೊಂಡರೆ ಕಚ್ಚದೆ ಕೆರೆಯುತ್ತದೆ. ವೇಗ 300–400 ಆರ್‌ಪಿಎಂ, ಒಂದೊಂದೇ ಮಿ.ಮೀ. ಹೆಚ್ಚಿಸುತ್ತ 16ಕ್ಕೆ, ಕೊನೆಗೆ ಮರಳು ಕಾಗದ ಸುತ್ತಿದ ಕಡ್ಡಿಯಿಂದ 16.2ಕ್ಕೆ. ಆಳಕ್ಕೆ ಬಿಟ್ ಮೇಲೆ ಟೇಪಿನ ಗುರುತು. ಸುತ್ತಲಿನ ಗೋಡೆ 4 ಮಿ.ಮೀ.ಗಿಂತ ಕಡಿಮೆ ಉಳಿಯುವಂತಿದ್ದರೆ ಬುಷ್‌ನ್ನೇ 15ಕ್ಕೆ ಇಳಿಸಿ. ಬರುವ ಪುಡಿಯನ್ನೂ ನೋಡಿ: ಕಂದು ಹುಡಿ, ಕಾರ್ಬಾಲಿಕ್ ವಾಸನೆ ಇದ್ದರೆ ಬೇಕಲೈಟ್, ಸುರುಳಿಯಾಗಿ ಬಂದರೆ ಕರಗುವ ಪ್ಲಾಸ್ಟಿಕ್. ನಮ್ಮದು ಸುರುಳಿ. ಹಾಗಾಗಿ ಅಸಿಟೋನ್ ಹತ್ತಿರಕ್ಕೂ ತರಲಿಲ್ಲ, ಒಳಮೈ ಒರೆಸಿದ್ದು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ. ಹಿತ್ತಾಳೆಗೆ 80ರ ಮರಳು ಕಾಗದ, ನಂತರ ಅಸಿಟೋನ್.

ಅಂಟಿಸುವುದು ಮೇಜಿನ ಮೇಲಲ್ಲ, ಕಾರಿನಲ್ಲೇ. ಹೆಚ್ಚಿನವರು ಎಡವುವುದು ಇಲ್ಲಿ. ಮೇಜಿನ ಮೇಲೆ ಅಂಟಿಸಿದ ನಾಬ್ ಬಿಗಿಯಾಗಿ ನಿಂತಾಗ ಗೇರ್ ನಕ್ಷೆ ಯಾವ ಕಡೆಗೆ ಮುಖ ಮಾಡುತ್ತದೋ ಯಾರಿಗೂ ಗೊತ್ತಿಲ್ಲ, ತೂತು ಚೂರು ಓರೆಯಾಗಿದ್ದರೆ ನಾಬೂ ಓರೆಯಾಗುತ್ತದೆ. ರಾಡಿಗೆ ಕಾರ್ ವ್ಯಾಕ್ಸ್ ಎರಡು ಕೋಟ್ ಹಚ್ಚಿ, ಬುಷ್ ಒಂದನ್ನೇ ಮುಚ್ಚಳಕ್ಕೆ ತುದಿ ತಾಗುವಷ್ಟು ಬಿಗಿ ಮಾಡಿ. ಕೆಳಗಿನ ರಬ್ಬರ್ ಬೂಟಿಗೆ ಪ್ಲಾಸ್ಟಿಕ್ ಹೊದಿಸಿ. ಅರಾಲ್ಡೈಟ್ ಸ್ಟ್ಯಾಂಡರ್ಡ್, ಎರಡೂ ಟ್ಯೂಬ್ ಸಮಸಮ ಕಲಸಿ, ಬುಷ್ ಮೇಲೂ ತೂತಿನ ಗೋಡೆಗೂ ತೆಳುವಾಗಿ ಬಳಿದು ನಾಬನ್ನು ತಿರುಗಿಸುತ್ತ ಇಳಿಸಿ. ನಂತರ ಡ್ರೈವರ್ ಸೀಟಿನಲ್ಲಿ ಕೂತು ನಕ್ಷೆ ನೇರ ಮಾಡಿ, ಮಾಸ್ಕಿಂಗ್ ಟೇಪ್ ಕಟ್ಟಿ 24 ಗಂಟೆ ಮುಟ್ಟಬಾರದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಇಲ್ಲಿ ಬೇಡ. ಬಿಸಿಲಿಗೆ ನಿಂತ ಕಾರಿನ ಶಾಖಕ್ಕೆ ಅದು ಬೇಗ ಮೆತ್ತಗಾಗುತ್ತದೆ.

ಮರುದಿನ ನಾಬ್ ಬಿಚ್ಚಿ, ವ್ಯಾಕ್ಸ್ ಒರೆಸಿ ಮತ್ತೆ ಹಾಕಿದಾಗ ನಕ್ಷೆ ಅದೇ ಜಾಗಕ್ಕೆ ಬಂದು ನಿಂತಿತು. ರಿವರ್ಸ್‌ಗೆ ಒತ್ತಿದರೂ ಸೆಕೆಂಡ್‌ಗೆ ಎಳೆದರೂ ಅಲುಗಲಿಲ್ಲ. ಬಿಗಿ ಕೈಯಲ್ಲೇ ಸಾಕು. ಮುಂದೆ ಎಂದಾದರೂ ಸಡಿಲವಾದರೆ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿ. ಥ್ರೆಡ್ ಸಡಿಲವಾಗದಂತೆ ಹಾಕುವ ದ್ರವ ಅಂಟು ಲಾಕ್‌ಟೈಟ್ ಮಾತ್ರ ಬೇಡ: ಅದು ಹಿತ್ತಾಳೆಯಿಂದ ಹೊರಗೆ ಹರಿದು ಪ್ಲಾಸ್ಟಿಕ್‌ಗೆ ತಾಗಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.