ವೃಷಭ ರಾಶಿ ತೋರಿಸುವ ಕೆಲಸದಲ್ಲಿ ಕಲಿತದ್ದು

ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಹೆಸರು, ಗೋತ್ರ, ನಕ್ಷತ್ರ, ರಾಶಿ ಎಲ್ಲ ಪಟಪಟ ಹೇಳುತ್ತೇವೆ. ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ತೋರಿಸಿ ಅಂದರೆ ಮಾತ್ರ ಪಕ್ಕದವರ ಮುಖ ನೋಡುತ್ತೇವೆ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಇದರಿಂದ.

ಬೆಂಗಳೂರಿನಲ್ಲಿ ಆಕಾಶ ವೀಕ್ಷಣೆ ಕಾರ್ಯಕ್ರಮ ನಡೆಸುವುದು ನನ್ನ ಕೆಲಸ. ಅಪಾರ್ಟ್‌ಮೆಂಟ್ ಟೆರೇಸ್, ಶಾಲೆ ಮೈದಾನ, ಒಮ್ಮೊಮ್ಮೆ ಆಫೀಸಿನವರ ಔಟಿಂಗ್. ನವೆಂಬರಿನಿಂದ ಫೆಬ್ರವರಿವರೆಗೆ ಬಿಡುವಿಲ್ಲ, ಮಳೆಗಾಲದಲ್ಲಿ ಕೈ ಖಾಲಿ. ಚಳಿಗಾಲದ ಆ ನಾಲ್ಕು ತಿಂಗಳು ನಮ್ಮನ್ನು ಸಾಕುವುದು ವೃಷಭ ರಾಶಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಮಾತು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಬಂದವರ ಹತ್ತಿರ ಈಗಾಗಲೇ ಏನಿದೆಯೋ ಅಲ್ಲಿಂದ ಶುರು ಮಾಡಿ. ಜ್ಯೋತಿರ್ವರ್ಷ, ತಾಪಮಾನ ಎಲ್ಲ ಆಮೇಲೆ.

ಹೋದ ಚಳಿಗಾಲದಲ್ಲಿ ಒಂದು ಟೆರೇಸಿನಲ್ಲಿ ಓವರ್‌ಹೆಡ್ ಟ್ಯಾಂಕಿಗೂ ಸೋಲಾರ್ ಪ್ಯಾನೆಲ್ಲಿಗೂ ನಡುವೆ ಜಮಖಾನ ಹಾಸಿದ್ದೆವು. ಸೆಕ್ಯೂರಿಟಿಯವರನ್ನು ಕಾಡಿ ಬೇಡಿ ಫೋಕಸ್ ಲೈಟ್ ಆರಿಸಿದ್ದಾಯಿತು. ಮೊದಲು ಎಲ್ಲರಿಗೂ ಕೇಳಿದೆ, ನಿಮ್ಮ ನಕ್ಷತ್ರ ಯಾವುದು? ಹಿಂದೆ ಶಾಲು ಹೊದ್ದು ಕೂತಿದ್ದ ಅಜ್ಜಿಯೊಬ್ಬರು, "ನಂದು ರೋಹಿಣಿ ಕಣಪ್ಪ. ಎಲ್ಲಿದೆ ತೋರ್ಸು ನೋಡೋಣ" ಅಂದರು. ಮಹಾವ್ಯಾಧನ, ಅಂದರೆ ಓರಿಯನ್ನಿನ, ಸೊಂಟದ ಮೂರು ನಕ್ಷತ್ರ ತೋರಿಸಿ, ಅದೇ ಗೆರೆಯನ್ನು ವಾಯುವ್ಯದ ಕಡೆಗೆ ಎಳೆದೆ. ಸಿಕ್ಕಿತು, ಕಿತ್ತಳೆ ಬಣ್ಣದ ಚುಕ್ಕಿ. "ಕೆಂಪಗಿದೆಯಲ್ಲಪ್ಪ, ಅದು ಮಂಗಳ ಅಲ್ವಾ?" ಅಂತ ತಕ್ಷಣ ಕೇಳಿದರು. ಒಳ್ಳೆ ಪ್ರಶ್ನೆ. ಮಂಗಳನೂ ವೃಷಭದ ಮೂಲಕ ಹಾದು ಹೋಗುತ್ತಾನೆ, ಆಗ ಎರಡನ್ನೂ ನೋಡಿ ಎಷ್ಟೋ ಜನ ಗೊಂದಲಕ್ಕೆ ಬೀಳುತ್ತಾರೆ. ಮಿನುಗಿದರೆ ನಕ್ಷತ್ರ, ಸ್ಥಿರವಾಗಿ ಬೆಳಗಿದರೆ ಗ್ರಹ ಅಂದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಸುಮಾರು ಹೊತ್ತು ನೋಡಿ, "ಹೂಂ, ಮಿಣಮಿಣ ಅಂತಿದೆ" ಅಂತ ಒಪ್ಪಿಕೊಂಡರು.

ಅಲ್ಲಿಂದ ಮುಂದೆ ಅಂಕಿ ಅಂಶ ತಾನಾಗಿ ಒಳಗೆ ಹೋಗುತ್ತದೆ. ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರ. ಅಂದರೆ ಇವತ್ತು ಕಾಣುವ ಬೆಳಕು ಅಲ್ಲಿಂದ ಹೊರಟು ಅಷ್ಟು ವರ್ಷವಾಯಿತು, ಆಗ ಆ ಅಜ್ಜಿ ತೊಟ್ಟಿಲಲ್ಲಿದ್ದಿರಬೇಕು. ಅಗಲದಲ್ಲಿ ನಮ್ಮ ಸೂರ್ಯನ 40 ಪಟ್ಟಿಗೂ ಜಾಸ್ತಿ. ಅದರ ಅಕ್ಕಪಕ್ಕ ಇಂಗ್ಲಿಷಿನ ವಿ ಅಕ್ಷರದ ಹಾಗೆ ಹರಡಿರುವ ಚುಕ್ಕಿಗಳ ಗುಂಪೇ ಹೋರಿಯ ಮುಖ. ಹಯಡೀಸ್ ಅಂತ ಅದರ ಹೆಸರು, ನಮ್ಮವರು ಅದನ್ನು ರೋಹಿಣಿಯ ಶಕಟ, ಅಂದರೆ ಗಾಡಿ, ಅಂತ ಕಂಡರು. ಆ ಗುಂಪು ಇರುವುದು ಸುಮಾರು 150 ಜ್ಯೋತಿರ್ವರ್ಷ ಆಚೆ. ರೋಹಿಣಿ ಅವರ ಮನೆಯವಳೇ ಅಲ್ಲ, ಅರ್ಧ ದಾರಿಗಿಂತ ಈಚೆಗೇ ನಿಂತಿದ್ದಾಳೆ. ನಮ್ಮ ಕಣ್ಣಿಗೆ ಮಾತ್ರ ಒಟ್ಟಿಗೆ ಇದ್ದ ಹಾಗೆ.

ಕಥೆ ಹೇಳಬೇಕಾ ಬೇಡವಾ ಅಂತ ನಮ್ಮ ಕೆಲಸದಲ್ಲಿ ದೊಡ್ಡ ಜಗಳವಿದೆ. ವಿಜ್ಞಾನದ ಕಾರ್ಯಕ್ರಮದಲ್ಲಿ ಪುರಾಣ ಯಾಕೆ ಅನ್ನುವವರು ಒಂದು ಕಡೆ. ನಮ್ಮ ಹಿರಿಯರಿಗೆ ಎಲ್ಲ ಮೊದಲೇ ಗೊತ್ತಿತ್ತು ಅಂತ ಎದೆ ತಟ್ಟುವವರು ಇನ್ನೊಂದು ಕಡೆ. ಇಬ್ಬರ ಜೊತೆಗೂ ನನಗೆ ಸರಿ ಬರಲ್ಲ. ಕಥೆ ಪೂರ್ತಿ ಹೇಳಿ, ಕಥೆ ಅಂತಲೇ ಹೇಳಿ. ದಕ್ಷನ 27 ಹೆಣ್ಣುಮಕ್ಕಳೂ ಚಂದ್ರನ ಹೆಂಡತಿಯರು. ಅವನಿಗೆ ರೋಹಿಣಿ ಮೇಲೇ ಪ್ರೀತಿ. ಉಳಿದವರು ಅಪ್ಪನ ಹತ್ತಿರ ದೂರು ಕೊಟ್ಟರು, ಕ್ಷಯಿಸಿ ಹೋಗು ಅಂತ ದಕ್ಷ ಶಾಪ ಕೊಟ್ಟ. ಕಡೆಗೆ ಶಿವನ ದಯೆಯಿಂದ ಕರಗುವುದೂ ಬೆಳೆಯುವುದೂ ಎರಡೂ ಆಯಿತು. ಇದನ್ನು ಹೇಳಿದ ಮೇಲೆ, ಚಂದ್ರ ಸುಮಾರು 27 ದಿನಕ್ಕೊಮ್ಮೆ ರೋಹಿಣಿಯ ಹತ್ತಿರ ಬರುತ್ತಾನೆ, ಕೆಲವು ವರ್ಷ ಅವಳನ್ನು ಪೂರ್ತಿ ಮುಚ್ಚಿಯೂ ಬಿಡುತ್ತಾನೆ ಅಂತ ತಿಳಿಸಿ. 2015ರಿಂದ 2018ರವರೆಗೆ ಭೂಮಿಯ ಬೇರೆ ಬೇರೆ ಕಡೆ ಇದು ತಿಂಗಳು ತಿಂಗಳೂ ಕಂಡಿದೆ. ಎಲ್ಲ ನಕ್ಷತ್ರಕ್ಕೂ ಈ ಭಾಗ್ಯವಿಲ್ಲ. ಪ್ರಕಾಶಮಾನವಾದವುಗಳಲ್ಲಿ ಚಂದ್ರ ಹೀಗೆ ಮುಚ್ಚುವುದು ರೋಹಿಣಿ, ಮಖಾ, ಚಿತ್ತಾ, ಜ್ಯೇಷ್ಠಾ ಇಷ್ಟನ್ನೇ.

ಗ್ರೀಕರ ಕಥೆಯಲ್ಲಿ ಜ್ಯೂಸ್ ಬಿಳಿ ಹೋರಿಯಾಗಿ ಬಂದು, ರಾಜಕುಮಾರಿ ಯುರೋಪಾಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕ್ರೀಟ್ ದ್ವೀಪಕ್ಕೆ ಈಜಿದ. ಆಕಾಶದಲ್ಲಿ ಹೋರಿಯ ಮುಂಭಾಗ ಮಾತ್ರ ಇರುವುದಕ್ಕೆ ಹಿಂಭಾಗ ನೀರಿನಲ್ಲಿದೆ ಅನ್ನುವ ಸಮಜಾಯಿಷಿ ಇದೆ. ಮಕ್ಕಳಿಗೆ ಇದು ಬಹಳ ಇಷ್ಟ.

ಇದೇ ವೃಷಭದಲ್ಲಿರುವ ಇನ್ನೊಂದು ನಕ್ಷತ್ರಗಳ ಗೊಂಚಲು ಕೃತ್ತಿಕೆ. ಅದಕ್ಕೆ ಟೆಲಿಸ್ಕೋಪ್ ಬೇಡ. ದುಡ್ಡು ಕೊಟ್ಟವರು ದೊಡ್ಡ ಟೆಲಿಸ್ಕೋಪಿನಲ್ಲೇ ನೋಡಬೇಕು ಅಂತ ಹಟ ಹಿಡಿಯುತ್ತಾರೆ. ಆದರೆ ಈ ಗೊಂಚಲು ಹುಣ್ಣಿಮೆ ಚಂದ್ರನ ಮೂರು ನಾಲ್ಕರಷ್ಟು ಅಗಲ. ಟೆಲಿಸ್ಕೋಪಿನಲ್ಲಿ ಅದರ ಒಂದು ಮೂಲೆ ಕಾಣುತ್ತದೆ ಅಷ್ಟೆ. ಬೈನಾಕ್ಯುಲರ್ ಕೈಗೆ ಕೊಡಿ, ಬಾಯಿಂದ ತಾನಾಗಿ "ಅಬ್ಬಾ" ಬರುತ್ತದೆ. ಬರಿಗಣ್ಣಿಗೆ ಬೆಂಗಳೂರಿನ ಬೆಳಕಿನಲ್ಲಿ ಮೊದಲು ಮಬ್ಬು ಮಚ್ಚೆ. ಮೊಬೈಲ್ ಜೇಬಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಕೂತರೆ ನಾಲ್ಕೋ ಐದೋ ಬಿಡಿಬಿಡಿಯಾಗಿ ಸಿಗುತ್ತವೆ. ನಮ್ಮ ಕಥೆಯಲ್ಲಿ ಈ ಕೃತ್ತಿಕೆಯರು ಸ್ಕಂದನಿಗೆ ಹಾಲೂಡಿಸಿದ ತಾಯಂದಿರು, ಆರು ಜನ, ಅದಕ್ಕೇ ಅವನಿಗೆ ಆರು ಮುಖ. ಗ್ರೀಕರು ಏಳು ಅಕ್ಕತಂಗಿಯರು ಅಂದರು, ಆದರೆ ಅವರಿಗೂ ಕಂಡದ್ದು ಆರೇ. ಅವರಲ್ಲೊಬ್ಬಳು ಮೆರೋಪೆ ಮನುಷ್ಯನನ್ನು ಮದುವೆಯಾದಳು, ನಾಚಿಕೆಯಿಂದ ಮಸುಕಾದಳು ಅಂತ ಕಥೆ ಕಟ್ಟಿದರು. ನಿಜಕ್ಕೂ ಅಲ್ಲಿರುವುದು ಸಾವಿರಕ್ಕೂ ಜಾಸ್ತಿ ನಕ್ಷತ್ರ, ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ.

ಊರಿನ ನಂಟು ಹಾಕಿ ಹೇಳಿದರೆ ಜನ ಇನ್ನೂ ಹತ್ತಿರ ಬರುತ್ತಾರೆ. ಕಾರ್ತಿಕ ಮಾಸಕ್ಕೆ ಆ ಹೆಸರು ಬಂದದ್ದು ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಇರುವುದರಿಂದ. ಆ ತಿಂಗಳ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವನಿಗೆ ಕಡಲೆಕಾಯಿ ಒಪ್ಪಿಸಿ ಜನ ಬ್ಯೂಗಲ್ ರಾಕ್ ರಸ್ತೆಯಲ್ಲಿ ನೂಕಾಡುವ ಹೊತ್ತಿಗೆ ಪೂರ್ವದಲ್ಲಿ ಇನ್ನೊಬ್ಬ ಬಸವ ಮೇಲೇರುತ್ತಿರುತ್ತಾನೆ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದನ್ನು ಟಿವಿಯಲ್ಲಾದರೂ ನೋಡಿರುತ್ತೀರಿ. ಅವತ್ತೇ ರಾತ್ರಿ ಒಂಬತ್ತು ದಾಟಿದ ಮೇಲೆ ತಲೆ ಎತ್ತಿದರೆ ರೋಹಿಣಿ ಹೆಚ್ಚೂಕಮ್ಮಿ ನೆತ್ತಿಯ ಮೇಲೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ರೋಹಿಣಿ 16 ಡಿಗ್ರಿ ಚಿಲ್ಲರೆ ಉತ್ತರದಲ್ಲಿದೆ. ಕುರ್ಚಿ ಬೇಡ, ಜಮಖಾನ ಹಾಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಕುರ್ಚಿಯಲ್ಲಿ ಕೂತವರು ಕಾಲು ಗಂಟೆಯಲ್ಲಿ ಕತ್ತು ಹಿಡಿದುಕೊಂಡು ಕಾಫಿ ಕಡೆ ನಡೆಯುತ್ತಾರೆ.

ಹಳ್ಳಿ ನಂಟು ಇರುವವರಿಗೆ ಮಳೆ ನಕ್ಷತ್ರ ಹೇಳಿ. ರೋಹಿಣಿ ಮಳೆ ಅಂದರೆ ಮೇ ಕೊನೆ ವಾರದಿಂದ ಜೂನ್ ಮೊದಲ ವಾರ. ಆಗ ಸೂರ್ಯನೇ ರೋಹಿಣಿಯ ಪಕ್ಕ ಇರುತ್ತಾನೆ. ಹಾಗಾಗಿ ರೋಹಿಣಿ ಮಳೆ ಸುರಿಯುವಾಗ ಮೋಡವೇ ಇಲ್ಲದಿದ್ದರೂ ರೋಹಿಣಿ ಕಾಣುವುದಿಲ್ಲ. ಹೊಲದಲ್ಲಿ ಬೆಳೆದ ಹಿರಿಯರೂ ಇದನ್ನು ಕೇಳಿ ಒಂದು ಕ್ಷಣ ಲೆಕ್ಕ ಹಾಕುತ್ತಾರೆ.

ಕಷ್ಟದ ಪ್ರಶ್ನೆ ಟೆಕ್ಕಿಗಳಿಂದ ಬರುತ್ತದೆ: ನಾನು ಮೇ 5ಕ್ಕೆ ಹುಟ್ಟಿದ್ದು, ಟಾರಸ್ ಅಲ್ವಾ? ಇಂಗ್ಲಿಷ್ ಪೇಪರಿನ ಲೆಕ್ಕದಲ್ಲಿ ಹೌದು. ಆದರೆ ಅವತ್ತು ಸೂರ್ಯ ಇನ್ನೂ ಮೇಷದ ನಕ್ಷತ್ರಗಳ ಮುಂದೆ ಇರುತ್ತಾನೆ. ವೃಷಭದ ಗಡಿ ದಾಟುವುದು ಮೇ 14ರ ಸುಮಾರಿಗೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಓಲಾಡುವುದರಿಂದ ಆದ ವ್ಯತ್ಯಾಸ ಇದು. ಇನ್ನು ನಮ್ಮ ಜಾತಕದ ರಾಶಿ ಹುಟ್ಟಿದಾಗ ಚಂದ್ರ ಎಲ್ಲಿದ್ದ ಅನ್ನುವುದರ ಮೇಲೆ, ಅದು ಬೇರೆಯೇ ಲೆಕ್ಕ. ಭವಿಷ್ಯದ ಬಗ್ಗೆ ಕೇಳಿದರೆ, ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಸಾರ್ ಅಂದುಬಿಡಿ. ವಾದಕ್ಕೆ ಇಳಿದರೆ ಮೋಡ ಬಂದು ಅರ್ಧ ಆಕಾಶ ಮುಚ್ಚಿರುತ್ತದೆ.

ಕಾಣದೇ ಇರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಹೋರಿಯ ದಕ್ಷಿಣದ ಕೊಂಬಿನ ತುದಿಯ ಹತ್ತಿರ ಏಡಿ ನೀಹಾರಿಕೆ, ಅಂದರೆ ಸಿಡಿದ ನಕ್ಷತ್ರವೊಂದರ ಅವಶೇಷದ ಮೋಡ, ಇದೆ, ಸುಮಾರು 6,500 ಜ್ಯೋತಿರ್ವರ್ಷ ದೂರ. ನಗರದ ಬೆಳಕಿನಲ್ಲಿ ಅದನ್ನು ಹುಡುಕಲು ಹೋಗಬೇಡಿ, ಲೇಸರಿನಲ್ಲಿ ಜಾಗ ಮಾತ್ರ ತೋರಿಸಿ. ವಿಮಾನ ಬರುವಾಗ ಲೇಸರ್ ಆರಿಸಿರಬೇಕು, ಅದು ನೆನಪಿರಲಿ. 1054ರಲ್ಲಿ ಅಲ್ಲೊಂದು ನಕ್ಷತ್ರ ಸಿಡಿದದ್ದನ್ನು ಚೀನಾದವರು ಬರೆದಿಟ್ಟಿದ್ದಾರೆ. 23 ದಿನ ಹಗಲಿನಲ್ಲೇ ಕಂಡಿತಂತೆ. ಉಳಿದ ತಿರುಳು ಈಗಲೂ ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತಿದೆ. ಇಸ್ರೋ 2024ರ ಜನವರಿ 1ರಂದು ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಎಕ್ಸ್-ರೇ ನೋಡುವ ಪೋಲಿಕ್ಸ್ ಅನ್ನುವ ಉಪಕರಣವಿದೆ. ಅದು ಶುರುವಿನಲ್ಲೇ ನೋಡಿದ್ದು ಈ ತಿರುಳನ್ನು. ಆ ಉಪಕರಣವನ್ನು ತಯಾರಿಸಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ. ಇದನ್ನು ಹೇಳಿದಾಗ, ಇಡೀ ಹೊತ್ತು ಮೊಬೈಲ್ ನೋಡುತ್ತಿದ್ದ ಕಾಲೇಜು ಹುಡುಗನೊಬ್ಬ ತಲೆ ಎತ್ತಿ, "ಮೇಖ್ರಿ ಸರ್ಕಲ್ ಹತ್ರ ಇದ್ಯಲ್ಲ, ಅದೇನಾ?" ಅಂದ. ಹೌದು, ಅದೇ.