ಮೇಲುಕೋಟೆಯಲ್ಲಿ ಉಳಿಯಬೇಕೆನ್ನುವವರಿಗೆ: ಕೊಳ, ಕಲ್ಯಾಣಿ ಮತ್ತು ತೊಣ್ಣೂರು ಕೆರೆ

ಮೇಲುಕೋಟೆಗೆ ಹೋಗಿ ಕೆಲವು ದಿನ ಉಳಿಯಬೇಕು ಅಂತ ಯೋಚನೆ ಇದ್ದರೆ ಮೊದಲು ತಿಂಗಳು ನೋಡಿ. ಅಕ್ಟೋಬರ್‌ನಿಂದ ಜನವರಿವರೆಗೆ ಹೋಗುವುದು ಒಳ್ಳೆಯದು. ಹವೆ ತಂಪಾಗಿರುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೀರು. ಈ ಊರು ಬಂಡೆಗಳ ಮೇಲೆ ಕೂತಿದೆ. ಪಕ್ಕದಲ್ಲಿ ಹೊಳೆ ಇಲ್ಲ. ಬಿದ್ದ ಮಳೆಯನ್ನೇ ಕೊಳಗಳಲ್ಲಿ ಹಿಡಿದಿಟ್ಟುಕೊಂಡು ನೂರಾರು ವರ್ಷ ಬದುಕಿದ ಜನ ಇವರು. ಹಿಂದೆ ನೂರೆಂಟು ಕೊಳ ಇದ್ದವು ಅಂತ ಊರಿನವರು ಹೇಳುತ್ತಾರೆ. ಆ ಕೊಳಗಳು ತುಂಬಿರುವಾಗ ಓಡಾಡಿದರೆ ಇಂಥ ಜಾಗದಲ್ಲಿ ಊರು ಹೇಗೆ ನಿಂತಿತು ಅಂತ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಕಲ್ಲು ಕಾದಿರುತ್ತದೆ. ದೇವಸ್ಥಾನದ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲುವುದೇ ಕಷ್ಟ.

ಬಹಳ ಜನ ಮೈಸೂರಿನಿಂದ ಬೆಳಗ್ಗೆ ಕಾರಲ್ಲಿ ಬಂದು, ಬೆಟ್ಟ ಹತ್ತಿ, ಪುಳಿಯೋಗರೆ ತಿಂದು, ಮಧ್ಯಾಹ್ನಕ್ಕೆಲ್ಲ ಹೊರಟುಬಿಡುತ್ತಾರೆ. ಅಷ್ಟೇ ಸಮಯ ಇದ್ದರೆ ಬೇರೆ ಮಾತು. ಆದರೆ ನನ್ನ ಸಲಹೆ ಎರಡು ರಾತ್ರಿಯಾದರೂ ಉಳಿಯಿರಿ, ಅದೂ ವಾರದ ನಡುವೆ. ಶನಿವಾರ, ಭಾನುವಾರ ಕಲ್ಯಾಣಿ ಮತ್ತು ರಾಯಗೋಪುರದ ಸುತ್ತ ಮದುವೆಗೆ ಮುಂಚಿನ ಫೋಟೋ ಶೂಟ್‌ಗಳದೇ ಗದ್ದಲ. ಮಂಗಳವಾರ, ಬುಧವಾರ ಹೋಗಿ ನೋಡಿ, ಅದೇ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕೂತರೂ ಯಾರೂ ಪಕ್ಕಕ್ಕೆ ಸರಿಯಿರಿ ಅನ್ನುವುದಿಲ್ಲ.

ಹೋಗುವ ದಾರಿ ಸುಲಭ. ಊರು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನಲ್ಲಿದೆ. ಮೈಸೂರಿನಿಂದ ಸುಮಾರು 50 ಕಿ.ಮೀ. ಬೆಂಗಳೂರಿನಿಂದ ಬರುವವರಿಗೆ ಮಂಡ್ಯವರೆಗೆ ರೈಲು, ಅಲ್ಲಿಂದ ಬಸ್ಸು ಅನುಕೂಲ. ಪಾಂಡವಪುರದಲ್ಲೂ ರೈಲ್ವೆ ಸ್ಟೇಷನ್ ಇದೆ, ಆದರೆ ಎಲ್ಲ ರೈಲೂ ನಿಲ್ಲುವುದಿಲ್ಲ, ಸ್ಟೇಷನ್ ಇರುವುದೂ ಊರಿಂದ ಆಚೆ. ಮೈಸೂರು, ಮಂಡ್ಯ, ಪಾಂಡವಪುರ ಮೂರೂ ಕಡೆಯಿಂದ ಬಸ್ಸಿದೆ. ನೇರ ಬಸ್ಸು ಸಿಗದಿದ್ದರೆ ನಾಗಮಂಗಲ ಕಡೆಗೆ ಹೋಗುವ ಬಸ್ಸು ಹತ್ತಿ ಜಕ್ಕನಹಳ್ಳಿಯಲ್ಲಿ ಇಳಿಯಿರಿ. ಅಲ್ಲಿಂದ ಮೇಲುಕೋಟೆ ಕೆಲವೇ ಕಿ.ಮೀ. ಕಂಡಕ್ಟರಿಗೆ ಮೊದಲೇ ಹೇಳಿಡಿ, ನಿಲ್ಲಿಸುತ್ತಾರೆ. ಸಂಜೆಯ ಕೊನೇ ಬಸ್ಸು ಎಷ್ಟಕ್ಕೆ ಅಂತ ಇಳಿದ ತಕ್ಷಣ ವಿಚಾರಿಸಿಕೊಳ್ಳಿ.

ಉಳಿಯುವ ವಿಷಯದಲ್ಲಿ ಆಯ್ಕೆ ಕಡಿಮೆ. ಕೆಲವು ಲಾಡ್ಜ್‌ಗಳಿವೆ, ಛತ್ರಗಳಿವೆ, ಮಠಗಳಿವೆ. ಮಠ, ಛತ್ರಗಳಲ್ಲಿ ಅವರವರ ನಿಯಮ ಇರುತ್ತದೆ, ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ಕೇಳಿ. ಫೋನಿನಲ್ಲಿ ‘ರೂಮ್ ಇದೆ ಬನ್ನಿ’ ಅಂದದ್ದನ್ನೇ ನಂಬಿ ಹೊರಡಬೇಡಿ. ನಮಗೆ ಒಂದು ಕಡೆ ಹಾಗೇ ಹೇಳಿ, ಹೋದಾಗ ಬೇರೆಯವರಿಗೆ ಕೊಟ್ಟಾಗಿತ್ತು. ಸ್ವಲ್ಪ ಮುಂಗಡ ಕಟ್ಟಿ, ಹೊರಡುವ ಹಿಂದಿನ ದಿನ ಇನ್ನೊಂದು ಸಲ ಫೋನ್ ಮಾಡಿ. ದೊಡ್ಡವರು, ಮಕ್ಕಳು ಜೊತೆಗಿದ್ದರೆ ಬಿಸಿನೀರು ಬೆಳಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತಲೂ ಕೇಳಿ. ಇಲ್ಲಿ ಬೆಳಗಿನ ಚಳಿ ಜಾಸ್ತಿ.

ಊರೊಳಗೆ ಕಾರು ಬೇಡ. ಬೀದಿಗಳು ಕಿರಿದು, ನೋಡಬೇಕಾದದ್ದೆಲ್ಲ ನಡೆಯುವಷ್ಟು ದೂರದಲ್ಲೇ ಇದೆ. ನಾನಾದರೆ ಶುರು ಮಾಡುವುದು ಕಲ್ಯಾಣಿಯಿಂದ. ಸುತ್ತ ಕಲ್ಲಿನ ಮೆಟ್ಟಿಲು, ಮಂಟಪಗಳು, ಹಿಂದೆ ಯೋಗಾನರಸಿಂಹನ ಬೆಟ್ಟ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಊರಿನವರು ಸ್ನಾನಕ್ಕೆ, ಸಂಧ್ಯಾವಂದನೆಗೆ ಬರುವ ಹೊತ್ತದು. ಕ್ಯಾಮೆರಾ ಅವರತ್ತ ತಿರುಗಿಸುವ ಮುಂಚೆ ಒಂದು ಮಾತು ಕೇಳಿ. ‘ಸ್ವಾಮಿ, ಒಂದು ಫೋಟೋ ತೆಗೀಲಾ?’ ಅಂದರೆ ಸಾಕು. ಬೇಡ ಅಂದರೆ ಸುಮ್ಮನಾಗಿ. ನೀರಿಗೆ ಸೋಪು, ಪ್ಲಾಸ್ಟಿಕ್ ಹಾಕಬೇಡಿ. ಇದನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ ಅನ್ನುವುದೇ ಬೇಸರ. ಮಳೆ ನೀರು ಒಮ್ಮೆ ಕೆಟ್ಟರೆ ಮುಂದಿನ ಮಳೆಗಾಲದವರೆಗೆ ಅದೇ ನೀರು, ಹರಿದು ಹೋಗಲು ದಾರಿಯಿಲ್ಲ.

ಅಲ್ಲಿಂದ ಚೆಲುವನಾರಾಯಣನ ದೇವಸ್ಥಾನ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಗ್ಗೆಯೇ ಮುಗಿಸಿ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಹನ್ನೆರಡು ವರ್ಷ ಇಲ್ಲಿದ್ದರು ಅಂತ ನಂಬಿಕೆ. ತಿರುಕುಲದವರು ಅಂತ ಕರೆದು ದಲಿತರನ್ನು ವರ್ಷದಲ್ಲಿ ಮೂರು ದಿನ ಗುಡಿಯೊಳಗೆ ಬಿಡುತ್ತಿದ್ದ ಹಿಂದಿನ ಪದ್ಧತಿ ಅವರಿಂದ ಬಂದದ್ದು ಅಂತ ಹೇಳುತ್ತಾರೆ. ಉತ್ಸವಮೂರ್ತಿ ಚೆಲುವಪಿಳ್ಳೆಯ ಕಥೆಯನ್ನು ಅರ್ಚಕರ ಬಾಯಲ್ಲೇ ಕೇಳಬೇಕು. ಮೂರ್ತಿಯನ್ನು ರಾಮಾನುಜರು ದೆಹಲಿಯಿಂದ ತಂದರಂತೆ, ಅದನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳಂತೆ. ಅವಳೇ ಬೀಬಿ ನಾಚ್ಚಿಯಾರ್. ಅವಳಿಗೂ ಈ ಗುಡಿಯಲ್ಲಿ ಜಾಗವಿದೆ. ಜನ ಕಡಿಮೆಯಿದ್ದಾಗ ಹೋದರೆ ಅರ್ಚಕರು ಬಿಡುವಾಗಿ ಹೇಳುತ್ತಾರೆ. ವಾರದ ನಡುವೆ ಹೋಗಿ ಅಂದದ್ದು ಇದಕ್ಕೂ ಸೇರಿ.

ಬೆಟ್ಟಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಬಿಸಿಲೇರುವ ಮುಂಚೆ ಹತ್ತಿ. ಕೋತಿಗಳಿವೆ, ಕೈಯಲ್ಲಿ ಬಾಳೆಹಣ್ಣು, ಚಿಪ್ಸ್ ಪ್ಯಾಕೆಟ್ಟು ಕಂಡರೆ ಬಿಡುವುದಿಲ್ಲ. ಮೇಲಿಂದ ನೋಡುವಾಗ ಗುಡಿಗಿಂತ ಹೆಚ್ಚು ಹೊತ್ತು ಕೆಳಗಿನ ಊರನ್ನು ನೋಡಿ. ಹೆಂಚಿನ ಮನೆಗಳ ನಡುವೆ, ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ನೀರು ಹೊಳೆಯುತ್ತದೆ. ಎಷ್ಟು ಕೊಳ ಕಾಣುತ್ತವೆ ಅಂತ ಗುರುತಿಟ್ಟುಕೊಂಡು, ಇಳಿದ ಮೇಲೆ ಅವನ್ನೇ ಹುಡುಕುತ್ತಾ ನಡೆಯಿರಿ. ಮೇಲುಕೋಟೆ ನೋಡಲು ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಗಲಿಲ್ಲ.

ಹಾಗೆ ಹುಡುಕಿಕೊಂಡು ಹೋದರೆ ರಾಯಗೋಪುರದ ಹತ್ತಿರ ಅಕ್ಕ-ತಂಗಿ ಕೊಳ ಸಿಗುತ್ತದೆ. ಪಕ್ಕಪಕ್ಕದಲ್ಲಿ ಎರಡು ಕೊಳ, ನಡುವೆ ಕಲ್ಲು ದಾರಿ ಅಷ್ಟೇ. ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದ್ದು ಅಲ್ಲ ಅಂತ ಊರಿನವರ ಮಾತು. ಇಬ್ಬರು ಸೋದರಿಯರು ಕಟ್ಟಿಸಿದ್ದು, ಒಬ್ಬಳ ಮನಸ್ಸು ಒಳ್ಳೆಯದು, ಇನ್ನೊಬ್ಬಳದ್ದಲ್ಲ ಅಂತ ಕಥೆ. ಅಲ್ಲಿ ಸಿಗುವ ಅಜ್ಜಿಯರನ್ನು ಕೇಳಿ, ಕಥೆ ಉದ್ದವಾಗುತ್ತಾ ಹೋಗುತ್ತದೆ. ರಾಯಗೋಪುರ ಅರ್ಧಕ್ಕೆ ನಿಂತ ಹೆಬ್ಬಾಗಿಲು. ಎತ್ತರದ ಕಲ್ಲುಕಂಬಗಳು ನಿಂತಿವೆ, ಮೇಲೆ ಗೋಪುರ ಏಳಲೇ ಇಲ್ಲ. ಸಂಜೆ ಬೆಳಕಿಗೆ ಇಲ್ಲಿಗೆ ಬನ್ನಿ.

ಧನುಷ್ಕೋಟಿಗೆ ಹೋಗುವವರು ಕಡಿಮೆ. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಜಾಗ ಅಂತ ನಂಬಿಕೆ. ಊರಿಂದ ಸ್ವಲ್ಪ ಆಚೆ, ದಾರಿ ಕಲ್ಲು ಮುಳ್ಳಿನದು. ಗಟ್ಟಿ ಚಪ್ಪಲಿ ಇರಲಿ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ವನ್ಯಧಾಮ ಅಂತ ಘೋಷಿಸಿದ್ದಾರೆ, ಮುಖ್ಯವಾಗಿ ತೋಳಗಳಿಗಾಗಿ. ತೋಳ ಕಾಣುವುದು ಅಪರೂಪ. ಆದರೆ ಅದು ಅವುಗಳ ಜಾಗ ಅಂತ ನೆನಪಿರಲಿ, ಸ್ಪೀಕರ್ ಹಾಕಿಕೊಂಡು ನಡೆಯಬೇಡಿ.

ವೇದಪುಷ್ಕರಣಿ, ದರ್ಭತೀರ್ಥ, ಪಲಾಶತೀರ್ಥ ಹೀಗೆ ಎಂಟು ತೀರ್ಥಗಳನ್ನು ಸುತ್ತುವ ಅಷ್ಟತೀರ್ಥೋತ್ಸವ ಕಾರ್ತಿಕ ಮಾಸದಲ್ಲಿ ನಡೆಯುತ್ತದೆ. ಬೆಟ್ಟ ಗುಡ್ಡ ಹತ್ತಿ ಇಳಿದು ಜನ ನಡೆಯುತ್ತಾರೆ. ವೈರಮುಡಿಗಿಂತ ಇದಕ್ಕೆ ಹೋಗಿ ಅಂತ ನಾನು ಹೇಳುತ್ತೇನೆ. ವೈರಮುಡಿ ದೊಡ್ಡ ಹಬ್ಬ ನಿಜ. ಫಾಲ್ಗುಣದಲ್ಲಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ. ವಜ್ರದ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುತ್ತಾರೆ, ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ, ರಾತ್ರಿ ದೇವರಿಗೆ ಮುಡಿಸಿ ಉತ್ಸವ. ಒಮ್ಮೆ ನೋಡಲೇಬೇಕಾದದ್ದು. ಆದರೆ ಆ ರಾತ್ರಿ ಊರು ತುಂಬಿ ತುಳುಕುತ್ತದೆ, ರೂಮು ಸಿಗುವುದಿಲ್ಲ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ. ಊರನ್ನು ಊರಾಗಿ ನೋಡುವ ಆಸೆಯಿದ್ದರೆ ಬೇರೆ ದಿನ ಬನ್ನಿ.

ಊಟದ ಬಗ್ಗೆ ಜಾಸ್ತಿ ಹೇಳುವುದು ಬೇಡ, ಹೋದವರೆಲ್ಲ ಹೇಳಿದ್ದಾರೆ. ಪುಳಿಯೋಗರೆ, ಸಕ್ಕರೆ ಪೊಂಗಲ್ ಎರಡೂ ತಿನ್ನಿ. ಬೇಗ ಹೋಗಿ, ತಡವಾದರೆ ಖಾಲಿ. ರಾತ್ರಿ ಎಂಟರ ಮೇಲೆ ಊಟ ಹುಡುಕುವುದು ಕಷ್ಟ, ಮೆಸ್ಸಿನವರಿಗೆ ಮಧ್ಯಾಹ್ನವೇ ಹೇಳಿಡಿ. ಮನೆಗೆ ಪುಳಿಯೋಗರೆ ಗೊಜ್ಜು ತಗೊಳ್ಳಿ. ಇಲ್ಲಿನ ಬಿಳಿ ಮಣ್ಣಿನ ನಾಮದ ಕಡ್ಡಿಯೂ ಹೆಸರುವಾಸಿ.

ಗುಡಿ ಬಿಟ್ಟು ನೋಡಬೇಕಾದ ಮೂರು ಜಾಗಗಳನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. 1905ರಲ್ಲಿ ಇಲ್ಲೇ ಹುಟ್ಟಿದ ಕವಿ ಪು.ತಿ.ನ. ಅವರ ಮನೆ ಈಗ ಸ್ಮಾರಕ. ಹಳೆಯ ಮೇಲುಕೋಟೆ ಮನೆ ಒಳಗೆ ಹೇಗಿರುತ್ತದೆ ಅಂತ ನೋಡಲು ಇದು ಒಳ್ಳೆಯ ಅವಕಾಶ. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ತಾಳೆಗರಿ ಹಸ್ತಪ್ರತಿಗಳ ಸಂಗ್ರಹವಿದೆ. ಆಸಕ್ತಿ ಇರುವವರು ಕಚೇರಿ ಸಮಯದಲ್ಲಿ ಹೋಗಿ ಕೇಳಬೇಕು. ಮೂರನೆಯದು ಸುರೇಂದ್ರ ಕೌಲಗಿ ಅವರು 1960ರಲ್ಲಿ ಶುರು ಮಾಡಿದ ಜನಪದ ಸೇವಾ ಟ್ರಸ್ಟ್. ಗಾಂಧಿ ವಿಚಾರದ ಜಾಗ. ಕೈಮಗ್ಗದ ಖಾದಿ, ಗಿಡಮೂಲಿಕೆಯ ಬಣ್ಣ. ಮೇಲುಕೋಟೆಯಿಂದ ಏನಾದರೂ ಕೊಂಡು ಹೋಗುವುದಾದರೆ ಇಲ್ಲಿನ ಬಟ್ಟೆ ಕೊಳ್ಳಿ. ನೇಯುವವರನ್ನು ನೋಡಿ ಮಾತಾಡಿಸಿ, ಆಮೇಲೆ ಚೌಕಾಸಿ ಮಾಡಲು ಮನಸ್ಸೇ ಬರುವುದಿಲ್ಲ.

ಒಂದು ಪೂರ್ತಿ ದಿನ ತೊಣ್ಣೂರು ಕೆರೆಗೆ ಇಟ್ಟುಕೊಳ್ಳಿ. ಪಾಂಡವಪುರದ ಕಡೆಗೆ ಇಳಿದರೆ ಸಿಗುತ್ತದೆ. ಮೇಲುಕೋಟೆಯ ಸುತ್ತ ರಾಗಿ, ಹುರುಳಿಯ ಒಣ ಹೊಲ. ಕೆಳಗೆ ಬರುತ್ತಿದ್ದಂತೆ ಕಬ್ಬು, ಭತ್ತ, ತೆಂಗು. ಕೆ.ಆರ್.ಎಸ್. ಅಣೆಕಟ್ಟಿನ ವಿಶ್ವೇಶ್ವರಯ್ಯ ನಾಲೆ ಈ ಸೀಮೆಯ ಬದುಕನ್ನೇ ಬದಲಿಸಿತು, ಆ ವ್ಯತ್ಯಾಸ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಗಳ ಹೊಗೆ ದೂರದಿಂದಲೇ ಗೊತ್ತಾಗುತ್ತದೆ. ಹೋಗಿ, ‘ಅಣ್ಣ, ನೋಡಬಹುದಾ?’ ಅಂತ ಕೇಳಿ. ಬಿಸಿ ಬೆಲ್ಲ ಕೈಗೆ ಹಾಕದೆ ಕಳಿಸುವುದಿಲ್ಲ.

ತೊಣ್ಣೂರು ಕೆರೆ ದೊಡ್ಡದು, ಎರಡು ಬದಿ ಗುಡ್ಡ, ನೀರು ತಿಳಿ. ಹಳೆಯ ಹೆಸರು ತಿರುಮಲಸಾಗರ, ರಾಮಾನುಜರ ಕಾಲಕ್ಕೆ ಸೇರಿಸಿ ಹೇಳುತ್ತಾರೆ. ಆಮೇಲೆ ಮೋತಿ ತಲಾಬ್ ಅಂತಲೂ ಕರೆದರು, ಮುತ್ತಿನಂಥ ನೀರಿಗೆ. ಮಲಿಕ್ ಕಾಫರ್ ಮತ್ತು ಆಮೇಲೆ ಬಂದ ತುಘಲಕ್ ಸೈನ್ಯದ ದಾಳಿಗಳಿಂದ ರಾಜಧಾನಿ ದ್ವಾರಸಮುದ್ರ (ಈಗಿನ ಹಳೇಬೀಡು) ಹಾಳಾದ ಮೇಲೆ ಹೊಯ್ಸಳರು ಸ್ವಲ್ಪ ಕಾಲ ಇಲ್ಲಿ ಬಂದು ನೆಲೆಸಿದ್ದರು. ಇಷ್ಟು ಚಿಕ್ಕ ಹಳ್ಳಿಯಲ್ಲಿ ನಂಬಿನಾರಾಯಣನ ಗುಡಿ ಬಹಳ ದೊಡ್ಡದು. ವೇಣುಗೋಪಾಲ ಮತ್ತು ಯೋಗಾನರಸಿಂಹನ ಗುಡಿಗಳೂ ಇವೆ, ಹಳೆಯ ದರ್ಗಾ ಒಂದಿದೆ. ಗುಡಿ ಬಾಗಿಲು ಹಾಕಿದ್ದರೆ ವಾಪಸ್ ಹೋಗಬೇಡಿ. ಪಕ್ಕದ ಮನೆಯವರನ್ನು ಕೇಳಿ, ಅರ್ಚಕರು ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಹೇಳುತ್ತಾರೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆರೆಗೆ ಈಜಲು ಇಳಿಯಬೇಡಿ. ನೀರು ತಿಳಿಯಾಗಿರುವುದರಿಂದ ಆಳ ಕಡಿಮೆ ಅನ್ನಿಸುತ್ತದೆ. ಹಾಗೆ ಅಂದುಕೊಂಡು ಇಳಿದ ಹುಡುಗರು ಇಲ್ಲಿ ಮುಳುಗಿ ಸತ್ತಿದ್ದಾರೆ. ಕಾಲೇಜು ಹುಡುಗರ ಗುಂಪಿನಲ್ಲಿ ಹೋಗುವವರು ದಯವಿಟ್ಟು ಇದನ್ನು ಕೇಳಿ. ಏರಿಯ ಮೇಲೆ ನಡೆಯಿರಿ, ದಡದಲ್ಲಿ ಕೂತು ಬುತ್ತಿ ಬಿಚ್ಚಿ, ಹಕ್ಕಿ ನೋಡಿ. ಅಷ್ಟಕ್ಕೇ ದಿನ ಸಾಲುವುದಿಲ್ಲ. ಸುತ್ತ ದೊಡ್ಡ ಹೋಟೆಲಿಲ್ಲ, ಹಾಗಾಗಿ ಊಟ, ನೀರು ಕಟ್ಟಿಕೊಂಡೇ ಹೋಗಿ. ಬಸ್ಸು ಕಡಿಮೆ, ಪಾಂಡವಪುರದಿಂದ ಆಟೋ ಮಾಡಿದರೆ ಹೋಗಿ ಬರುವುದಕ್ಕೆ ಸೇರಿಸಿ ಮೊದಲೇ ದುಡ್ಡು ಮಾತಾಡಿ.

ಇನ್ನು ಕೆಲವರು ನನ್ನ ಹತ್ತಿರ ಕೇಳುವುದು, ಅಲ್ಲೇ ಒಂದೆರಡು ತಿಂಗಳು ಇರಬಹುದಾ ಅಂತ. ಇರಬಹುದು. ಬರೆಯುವವರಿಗೆ, ಓದುವವರಿಗೆ, ಕೆಲಸದಿಂದ ನಿವೃತ್ತರಾದವರಿಗೆ ಹೊಂದುವ ಊರು. ಆದರೆ ಮೊಣಕಾಲು ನೋವಿದ್ದರೆ ಯೋಚಿಸಿ, ಏರು ಇಳಿಜಾರು ತಪ್ಪುವುದಿಲ್ಲ. ದೊಡ್ಡ ಆಸ್ಪತ್ರೆಗೆ ಮಂಡ್ಯ ಅಥವಾ ಮೈಸೂರಿಗೇ ಹೋಗಬೇಕು. ಮನೆಯಿಂದ ಕೆಲಸ ಮಾಡುವವರು ನೆಟ್‌ವರ್ಕ್ ಹೇಗಿದೆ ಅಂತ ಮನೆಯೊಳಗೇ ನಿಂತು ಪರೀಕ್ಷಿಸಿ, ದಪ್ಪ ಗೋಡೆಯ ಮನೆಗಳಲ್ಲಿ ಬೀದಿಯಲ್ಲಿ ಸಿಕ್ಕ ಸಿಗ್ನಲ್ ಒಳಗೆ ಸಿಗುವುದಿಲ್ಲ. ನಲ್ಲಿ ನೀರು ಯಾವಾಗ ಬರುತ್ತದೆ, ತೊಟ್ಟಿ ಎಷ್ಟು ದೊಡ್ಡದು ಅಂತ ಕೇಳಿ. ಮಾಂಸದಡುಗೆ ಬಗ್ಗೆ ಮನೆಯವರ ನಿಲುವೇನು ಅಂತ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಮನಸ್ತಾಪ ಬೇಡ.

ಜಗಲಿ, ನಡುವೆ ತೆರೆದ ತೊಟ್ಟಿ ಅಂಗಳ ಇರುವ ಹಳೆಯ ಮನೆಗಳಲ್ಲಿ ಹಲವು ಬೀಗ ಹಾಕಿಯೇ ಇವೆ. ಮನೆಯವರು ಬೆಂಗಳೂರು, ಮೈಸೂರಲ್ಲಿದ್ದಾರೆ, ಕೆಲವರು ಅಮೆರಿಕದಲ್ಲಿ. ಬೀಗ ಹಾಕಿದ ಮನೆಯ ಮಾಡು ಕೆಲವೇ ಮಳೆಗಾಲಕ್ಕೆ ಕುಸಿಯುತ್ತದೆ. ದೀಪ ಹಚ್ಚಿ, ಕಸ ಗುಡಿಸಿ, ಸೋರುವ ಹೆಂಚು ಸರಿ ಮಾಡಿಸುತ್ತೇವೆ ಅನ್ನುವವರು ಸಿಕ್ಕರೆ ಕೊಡಲು ಒಪ್ಪುವವರಿದ್ದಾರೆ. ಇಂಥ ಮನೆ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ವೈರಮುಡಿಯ ಮಾರನೆಯ ದಿನ ಊರಲ್ಲಿರಿ. ಹಬ್ಬಕ್ಕೆ ಅಂತ ಬಂದ ಮನೆಯವರು ಆಗ ಜಗಲಿಯ ಮೇಲೇ ಸಿಗುತ್ತಾರೆ, ಅಲ್ಲೇ ಕೂತು ಕೇಳಿ.